ಸೋಂಕಿನ ವಾರ್ಡಿಗೆ ರೋಬೋಟ್ ತರುವ ಮೊದಲು ಬಾಗಿಲಿನ ಲೆಕ್ಕ ಬರೆದಿಡಿ

ಪ್ರಶ್ನೆ: ನಾನು ಐಸೊಲೇಷನ್ ವಾರ್ಡಿನಲ್ಲಿ ಹೆಡ್ ನರ್ಸ್. ನಮ್ಮಲ್ಲಿ ಇರುವವರೆಲ್ಲ ಹರಡುವ ಕಾಯಿಲೆಯ ರೋಗಿಗಳೇ. ಆಡಳಿತದವರು ಒಂದು ರೋಬೋಟ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಕಂಪನಿಯವರು ತೋರಿಸಿದ ವಿಡಿಯೋದಲ್ಲಿ ನರ್ಸ್ ಹೊರಗಿನ ಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತಾರೆ. ಒಳಗೆ ಎರಡು ಕೈಗಳ ರೋಬೋಟ್ ರೋಗಿಗೆ ನೀರು ಕೊಡುತ್ತದೆ, ಬಿಪಿ ನೋಡುತ್ತದೆ, ಹೊದಿಕೆ ಸರಿ ಮಾಡುತ್ತದೆ. ಎಲ್ಲವೂ ಇಂಟರ್ನೆಟ್ ಮೂಲಕವಂತೆ. ಇದು ನಿಜವಾಗಿ ಆಗುವ ಮಾತೇ? ನಡುವೆ ನೆಟ್ ಹೋದರೆ ಏನು ಗತಿ? ರೋಬೋಟನ್ನು ಕ್ಲೀನ್ ಮಾಡುವುದು ಹೇಗೆ? ಇನ್ನೊಂದು ವಿಷಯ, ನಮ್ಮ ಕಿರಿಯ ನರ್ಸ್‌ಗಳಿಗೆ ಕೆಲಸ ಹೋಗುತ್ತದೆ ಅನ್ನುವ ಭಯ ಶುರುವಾಗಿದೆ. ಅವರಿಗೆ ಏನು ಹೇಳಲಿ?

ಉತ್ತರ: ದೂರದಿಂದ ನಡೆಸುವ ರೋಬೋಟ್‌ಗಳನ್ನು ರೂಪಿಸುವುದು ಮತ್ತು ಅವನ್ನು ನರ್ಸ್‌ಗಳ ಜತೆ ಕೂತು ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ವಾರ್ಡಿಗೆ ರೋಬೋಟಿನಿಂದ ಖಂಡಿತ ಉಪಯೋಗವಿದೆ. ಆದರೆ ವಿಡಿಯೋದಲ್ಲಿ ನೀವು ಕಂಡ ಕೆಲಸಗಳಲ್ಲಿ ಹೆಚ್ಚಿನವು ಅದರ ಕೈಗೆ ಇನ್ನೂ ಸರಿಯಾಗಿ ಹತ್ತಿಲ್ಲ. ಅದಕ್ಕೆ ಚೆನ್ನಾಗಿ ಒಗ್ಗಿರುವ ಕೆಲಸಗಳು ಬೇರೆ ಇವೆ. ಅವು ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ಯಾರೂ ತೋರಿಸುವುದಿಲ್ಲ.

ಆಡಳಿತದವರ ಜತೆ ಕೂತಾಗ ರೋಬೋಟ್ ಏನೇನು ಮಾಡುತ್ತದೆ ಎಂಬ ಮಾತಿನಿಂದ ಶುರು ಮಾಡಬೇಡಿ. ಅದು ಬಂದ ಮೇಲೆ ನಿಮ್ಮ ನರ್ಸ್‌ಗಳು ದಿನಕ್ಕೆ ಎಷ್ಟು ಸಲ ಆ ಬಾಗಿಲು ದಾಟುವುದು ತಪ್ಪುತ್ತದೆ ಎಂದು ಕೇಳಿ. ಸೋಂಕಿನ ವಾರ್ಡಿನಲ್ಲಿ ಅಪಾಯ ಸೇರಿಕೊಂಡಿರುವುದು ಈ ಒಳಗೆ ಹೋಗಿ ಹೊರಗೆ ಬರುವುದರಲ್ಲೇ. ಅದರಲ್ಲೂ ಹೊರಗೆ ಬರುವಾಗ ಜಾಸ್ತಿ. ಪಿಪಿಇ ಕಿಟ್ ಹಾಕಿಕೊಳ್ಳುವಾಗ ಅದು ಹೊಸದು, ನೀವೂ ಸುಸ್ತಾಗಿರುವುದಿಲ್ಲ. ಬಿಚ್ಚುವಾಗ ಕಿಟ್ ಮೇಲೆ ಸೋಂಕು ಇರುತ್ತದೆ, ಮೈ ಬೆವೆತಿರುತ್ತದೆ, ಗಮನ ಕುಂದಿರುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಭಾಗದ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಬ್ಬಂದಿಯ ಗ್ಲೌಸ್ ಮೇಲೆ ವಿಶೇಷ ಬೆಳಕಿನಲ್ಲಿ ಮಾತ್ರ ಹೊಳೆಯುವ ಲೋಷನ್ ಹಚ್ಚಿ, ಆಮೇಲೆ ಗ್ಲೌಸ್ ಅಥವಾ ಗೌನ್ ಬಿಚ್ಚಲು ಹೇಳಿದರು. 435 ಸಲ ಬಿಚ್ಚಿದ್ದರಲ್ಲಿ 200 ಸಲ ಆ ಲೋಷನ್ ಚರ್ಮಕ್ಕೋ ಬಟ್ಟೆಗೋ ತಗುಲಿತ್ತು. ಹತ್ತಿರಹತ್ತಿರ ಅರ್ಧ. ಅವರೆಲ್ಲ ದಿನಾ ಇದೇ ಕೆಲಸ ಮಾಡುವ ಆಸ್ಪತ್ರೆಯ ಜನ.

ಈ ಬಗೆಯ ರೋಬೋಟ್‌ಗಳ ಬಗ್ಗೆ ಗಂಭೀರವಾದ ಕೆಲಸ ಶುರುವಾಗಿದ್ದಕ್ಕೂ ಇದೇ ಕಾರಣ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹರಡಿತು. 28,600ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, 11,300ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ 500ಕ್ಕೂ ಹೆಚ್ಚು ಮಂದಿ ಡಾಕ್ಟರ್, ನರ್ಸ್ ಮತ್ತಿತರ ಆರೋಗ್ಯ ಸಿಬ್ಬಂದಿ. ಅಲ್ಲಿನ ಸೆಕೆಯಲ್ಲಿ ಪೂರ್ತಿ ಮುಚ್ಚಿದ ಕಿಟ್ ಹಾಕಿಕೊಂಡು ಸುಮಾರು ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಳಗೆ ನಿಲ್ಲಲಾಗುತ್ತಿರಲಿಲ್ಲ. 2014ರ ನವೆಂಬರ್‌ನಲ್ಲಿ ಅಮೆರಿಕದ ಶ್ವೇತಭವನದ ವಿಜ್ಞಾನ ಕಚೇರಿ ಮತ್ತು ಕೆಲವು ವಿಶ್ವವಿದ್ಯಾಲಯಗಳು ಸೇರಿ ರೋಬೋಟ್ ತಜ್ಞರನ್ನು, ಆರೋಗ್ಯ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದವು. ಯಾವ ಕೆಲಸದಿಂದ ಮನುಷ್ಯರನ್ನು ದೂರ ಇಡಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಅವರ ಉದ್ದೇಶವಾಗಿತ್ತು. ಈಗ ನಿಮ್ಮ ಮುಂದಿರುವುದೂ ಅದೇ ಪ್ರಶ್ನೆ.

ಹಾಗಾಗಿ ಕೊಳ್ಳುವ ಮೊದಲು ಒಂದು ವಾರ ಈ ಕೆಲಸ ಮಾಡಿ. ಪ್ರತಿ ಕೋಣೆಯ ಬಾಗಿಲಿನ ಹೊರಗೆ ಒಂದು ಹಾಳೆ ಅಂಟಿಸಿ. ಒಳಗೆ ಹೋದವರು ಯಾವಾಗ ಹೋದರು, ಯಾಕೆ ಹೋದರು ಎಂದು ಒಂದೇ ಸಾಲಿನಲ್ಲಿ ಬರೆಯಲಿ. ಪಂಪ್ ಕೂಗಿತು. ನೀರು ಬೇಕಂತೆ. ಆಕ್ಸಿಜನ್ ಎಷ್ಟಿದೆ ನೋಡಲು. ಔಷಧ ಕೊಡಲು. ಮಗ್ಗುಲು ಬದಲಿಸಲು. ರೋಗಿ ಕರೆದರು, ಸುಮ್ನೆ ಭಯವಾಗಿತ್ತಂತೆ. ವಾರ ಕಳೆದ ಮೇಲೆ ಆ ಹಾಳೆಗಳನ್ನು ಮುಂದಿಟ್ಟುಕೊಂಡು ವಿಂಗಡಿಸಿ. ಬರೀ ನೋಡುವುದಕ್ಕೆ, ಮಾತಾಡುವುದಕ್ಕೆ ಹೋದದ್ದು ಎಷ್ಟು? ಒಂದು ಗುಂಡಿ ಒತ್ತುವುದಕ್ಕೆ ಹೋದದ್ದು ಎಷ್ಟು? ಏನಾದರೂ ಕೊಟ್ಟು ಬರಲು ಹೋದದ್ದು ಎಷ್ಟು? ರೋಗಿಯ ಮೈಮುಟ್ಟಿ ಮಾಡುವ ಕೆಲಸಕ್ಕೆ ಹೋದದ್ದು ಎಷ್ಟು? ರೋಬೋಟಿನ ಲೆಕ್ಕದಲ್ಲಿ ಈ ನಾಲ್ಕೂ ಬೇರೆಬೇರೆ ಕಷ್ಟದ ಕೆಲಸಗಳು.

ನೋಡುವುದು, ಮಾತಾಡುವುದು ಎಲ್ಲಕ್ಕಿಂತ ಸುಲಭ. ಗಾಲಿಗಳ ಮೇಲೆ ಒಂದು ಕಂಬ, ಅದರ ಮೇಲೆ ಪರದೆ, ಕ್ಯಾಮೆರಾ, ಮೈಕ್ ಇದ್ದರೆ ಸಾಕು. ಅಮೆರಿಕದಲ್ಲಿ ಕೋವಿಡ್ ದೃಢಪಟ್ಟ ಮೊದಲ ರೋಗಿಯನ್ನು 2020ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಎವರೆಟ್ ಊರಿನ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಅಲ್ಲಿ ಡಾಕ್ಟರ್ ಹೊರಗಿನಿಂದಲೇ ಇಂಥ ಒಂದು ಯಂತ್ರದ ಮೂಲಕ ರೋಗಿಯ ಜತೆ ಮಾತಾಡುತ್ತಿದ್ದರು. ಅದರಲ್ಲಿ ಸ್ಟೆತಾಸ್ಕೋಪ್ ಕೂಡ ಇತ್ತು. ಅದೇ ವರ್ಷ ಇಟಲಿಯ ವರೇಸೆ ಊರಿನ ಆಸ್ಪತ್ರೆಯಲ್ಲಿ ಮಗುವಿನ ಎತ್ತರದ ಆರು ರೋಬೋಟ್‌ಗಳನ್ನು ಹಾಸಿಗೆಗಳ ಪಕ್ಕ ಇಟ್ಟಿದ್ದರು. ಅವು ಮಾನಿಟರ್‌ನ ಅಂಕಿಗಳನ್ನು ಹೊರಗಿದ್ದವರಿಗೆ ತೋರಿಸುತ್ತಿದ್ದವು. ಗಂಟಲಿಗೆ ಟ್ಯೂಬ್ ಹಾಕದ ರೋಗಿಗಳು ಅವುಗಳ ಮೂಲಕ ಮಾತು ಕಳಿಸುತ್ತಿದ್ದರು. ರುವಾಂಡಾದಲ್ಲಿ 2020ರ ಮೇ ತಿಂಗಳಲ್ಲಿ ಐದು ರೋಬೋಟ್‌ಗಳನ್ನು ಕೋವಿಡ್ ಕೆಲಸಕ್ಕೆ ಇಳಿಸಿದರು, ಒಂದೊಂದಕ್ಕೂ ಅಲ್ಲಿನ ಭಾಷೆಯ ಹೆಸರಿಟ್ಟರು. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಮತ್ತು ಎಂಐಟಿ ವಿಶ್ವವಿದ್ಯಾಲಯದವರು ನಾಲ್ಕು ಕಾಲಿನ ರೋಬೋಟ್ ಒಂದಕ್ಕೆ ಕ್ಯಾಮೆರಾಗಳನ್ನು ಜೋಡಿಸಿದರು. ಅದು ಎರಡು ಮೀಟರ್ ದೂರದಿಂದ ಚರ್ಮದ ಬಿಸಿ, ಉಸಿರಾಟದ ವೇಗ, ನಾಡಿ, ರಕ್ತದ ಆಕ್ಸಿಜನ್ ಅಳೆಯಬಲ್ಲದು ಎಂದು ತೋರಿಸಿದರು.

ಇವುಗಳಲ್ಲಿ ಯಾವುದೂ ಕೈಯಿಂದ ವಸ್ತು ಹಿಡಿಯುವ ಕೆಲಸ ಮಾಡುತ್ತಿರಲಿಲ್ಲ. ಆದರೂ ಬಾಗಿಲು ದಾಟುವುದನ್ನು ಕಡಿಮೆ ಮಾಡಿದ್ದು ಹೆಚ್ಚಾಗಿ ಇಂಥವೇ.

ಗುಂಡಿ ಒತ್ತುವ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಕಡಿಮೆ ಖರ್ಚಿನಲ್ಲಿ ತುಂಬ ಉಳಿತಾಯವಿದೆ. ವೆಂಟಿಲೇಟರ್‌ನಲ್ಲಿ ಆಕ್ಸಿಜನ್ ಪ್ರಮಾಣವನ್ನು ಚೂರು ಬದಲಿಸಲು, ಅಲಾರಂ ನಿಲ್ಲಿಸಲು ಪೂರ್ತಿ ಕಿಟ್ ಹಾಕಿಕೊಂಡು ಒಳಗೆ ಹೋಗಬೇಕು. ಕೆಲಸ ಕೆಲವು ಸೆಕೆಂಡಿನದು, ಅದರ ತಯಾರಿ ಮತ್ತು ಬಿಚ್ಚುವಿಕೆ ಹತ್ತಾರು ನಿಮಿಷದ್ದು. ಕೋವಿಡ್ ಕಾಲದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳು ಇದಕ್ಕೆ ಮನುಷ್ಯಾಕಾರದ ರೋಬೋಟನ್ನು ಮಾಡಲು ಹೋಗಲಿಲ್ಲ. ವೆಂಟಿಲೇಟರಿನ ಟಚ್‌ಸ್ಕ್ರೀನ್ ಮೇಲೆ ಕೂರುವ ಒಂದು ಚೌಕಟ್ಟು ಮಾಡಿದರು. ಅದರಲ್ಲಿ ಅಡ್ಡಡ್ಡ, ಉದ್ದುದ್ದ ಓಡುವ ಒಂದೇ ಬೆರಳು. ಹೊರಗಿರುವವರು ಟ್ಯಾಬ್ಲೆಟ್‌ನಲ್ಲಿ ಆ ಪರದೆಯ ಚಿತ್ರ ನೋಡಿ ಮುಟ್ಟಿದ ಜಾಗವನ್ನೇ ಒಳಗಿನ ಬೆರಳು ಮುಟ್ಟುತ್ತದೆ. ನನಗೆ ಇಡೀ ಕ್ಷೇತ್ರದಲ್ಲಿ ತುಂಬ ಇಷ್ಟವಾದ ಯಂತ್ರ ಇದು. ಕೆಲಸ ಯಾವುದು ಎಂದು ಮೊದಲು ನೋಡಿ, ಆಮೇಲೆ ಯಂತ್ರ ಮಾಡಿದ್ದಾರೆ.

ರಕ್ತನಾಳಕ್ಕೆ ಔಷಧ ಹರಿಸುವ ಇನ್‌ಫ್ಯೂಷನ್ ಪಂಪ್‌ಗಳ ವಿಷಯದಲ್ಲಿ ರೋಬೋಟೇ ಬೇಕಾಗಲಿಲ್ಲ. ಬಹಳ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಪಂಪನ್ನೇ ಕಾರಿಡಾರಿಗೆ ತಂದು, ಉದ್ದದ ಟ್ಯೂಬ್ ಹಾಕಿ ಬಾಗಿಲಿನ ಕೆಳಗಿನಿಂದ ಒಳಗೆ ಬಿಟ್ಟರು. ಇದಕ್ಕೂ ತನ್ನದೇ ತೊಂದರೆ ಉಂಟು. ಟ್ಯೂಬ್ ಉದ್ದವಾದಷ್ಟೂ ಅದರೊಳಗೆ ನಿಲ್ಲುವ ಔಷಧ ಜಾಸ್ತಿ, ಡೋಸ್ ಬದಲಿಸಿದರೆ ಅದು ರೋಗಿಯನ್ನು ಮುಟ್ಟುವುದು ತಡ. ಎಲ್ಲಾದರೂ ಕಟ್ಟಿಕೊಂಡರೆ ಅಲಾರಂ ಕೂಗುವುದೂ ತಡ. ಟ್ಯೂಬಿಗೆ ಯಾರಾದರೂ ಎಡವುವ ಅಪಾಯ ಬೇರೆ. ಆದರೂ ಈ ಉದಾಹರಣೆ ಯಾಕೆ ಕೊಟ್ಟೆ ಅಂದರೆ, ನಿಮ್ಮ ಹಾಳೆಯಲ್ಲಿ ಪಂಪ್ ಕೂಗಿದ್ದಕ್ಕೇ ಅರ್ಧದಷ್ಟು ಸಲ ಒಳಗೆ ಹೋಗಿದ್ದೀರಿ ಎಂದು ಗೊತ್ತಾದರೆ, ಅದಕ್ಕೆ ಎರಡು ಕೈಗಳ ರೋಬೋಟ್ ಕೊಳ್ಳುವುದು ದಂಡ.

ಕೊಟ್ಟು ಬರುವ ಕೆಲಸಕ್ಕೆ ತಾನೇ ದಾರಿ ಹುಡುಕಿಕೊಂಡು ಓಡಾಡುವ ಗಾಡಿಗಳಿವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಒಂದೇ ಮಾತು: ಗಾಡಿ ಹಾಸಿಗೆಯವರೆಗೆ ಹೋಗುತ್ತದೆ, ರೋಗಿ ಎದ್ದು ಕೈಚಾಚಿ ತೆಗೆದುಕೊಳ್ಳಬೇಕು. ಅಷ್ಟು ಶಕ್ತಿ ಇಲ್ಲದ ರೋಗಿಗಳೇ ನಿಮ್ಮಲ್ಲಿ ಜಾಸ್ತಿ ಇದ್ದರೆ ಲಾಭ ಕಡಿಮೆ.

ಈಗ ಕೈಗಳ ವಿಷಯಕ್ಕೆ ಬರೋಣ.

ಎಬೋಲಾ ನಂತರ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಮತ್ತು ನರ್ಸಿಂಗ್ ವಿಭಾಗಗಳು ಸೇರಿ ಟ್ರೀನಾ ಎಂಬ ರೋಬೋಟ್ ಕಟ್ಟಿದವು. ಅದರ ಹೆಸರಿನ ಅರ್ಥವೇ ದೂರದಿಂದ ನಡೆಸುವ ನರ್ಸಿಂಗ್ ಸಹಾಯಕ ಎಂದು. ಕ್ರಿಸ್ ಹೌಸರ್ ಅದರ ಮುಂದಾಳು. ಕಾರ್ಖಾನೆಗಳಿಗಾಗಿ ಮಾಡಿದ್ದ ಬ್ಯಾಕ್ಸ್‌ಟರ್ ಎಂಬ ಎರಡು ಕೈಗಳ ರೋಬೋಟಿನ ಮೈಯನ್ನು ಓಡಾಡುವ ಪೀಠದ ಮೇಲೆ ಕೂರಿಸಿದ್ದರು. ನರ್ಸಿಂಗ್ ವಿದ್ಯಾರ್ಥಿಗಳು ಪಕ್ಕದ ಕೋಣೆಯಲ್ಲಿ ಕೂತು, ಅಣಕು ರೋಗಿಯ ಮೇಲೆ ಅದನ್ನು ನಡೆಸಿ ನೋಡಿದರು. ವಸ್ತು ಎತ್ತಿ ಕೊಡುವುದು, ಗಾಡಿ ತಳ್ಳುವುದು, ಸ್ಟೆತಾಸ್ಕೋಪ್ ಇಡುವುದು ಇವೆಲ್ಲ ಆಯಿತು. ಆದರೆ ಒಬ್ಬ ನರ್ಸ್ ಸೆಕೆಂಡುಗಳಲ್ಲಿ ಮುಗಿಸುವ ಕೆಲಸಕ್ಕೆ ಅದು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಚೀನಾದ ಹಾಂಗ್‌ಝೌ ನಗರದಲ್ಲಿ ಝೆಜಿಯಾಂಗ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಇನ್ನೊಂದು ದಾರಿ ಹಿಡಿಯಿತು. ನಡೆಸುವವರು ಚಲನೆ ಗುರುತಿಸುವ ಉಡುಪು ಹಾಕಿಕೊಂಡು ತಮ್ಮ ಕೈ ಆಡಿಸಿದಂತೆ, ಐಸೊಲೇಷನ್ ವಾರ್ಡಿನಲ್ಲಿದ್ದ ಯುಮಿ ಎಂಬ ರೋಬೋಟಿನ ಕೈಗಳೂ ಆಡುತ್ತಿದ್ದವು.

ಯಾಕೆ ಇಷ್ಟು ನಿಧಾನ? ವಿಡಿಯೋಗಳಲ್ಲಿ ವೇಗ ಹೆಚ್ಚಿಸಿ ತೋರಿಸುವುದು ಸಾಮಾನ್ಯ, ಹಾಗಾಗಿ ಈ ನಿಧಾನ ಕಾಣುವುದಿಲ್ಲ. ಪರದೆಯ ಮೂಲೆಯಲ್ಲಿ "4ಎಕ್ಸ್", "8ಎಕ್ಸ್" ಎಂದು ಸಣ್ಣದಾಗಿ ಬರೆದಿದೆಯೇ ನೋಡಿ. ನಿಧಾನಕ್ಕೆ ಮುಖ್ಯ ಕಾರಣ ಸ್ಪರ್ಶ. ನೀವು ರೋಗಿಯ ಕೈಗೆ ಬಿಪಿ ಪಟ್ಟಿ ಸುತ್ತುವಾಗ ನಿಮ್ಮ ಕಣ್ಣು ಮಾನಿಟರ್ ಮೇಲಿರುತ್ತದೆ, ಬಾಯಿ ರೋಗಿಯ ಜತೆ ಮಾತಾಡುತ್ತಿರುತ್ತದೆ. ಪಟ್ಟಿ ಸರಿಯಾಗಿ ಕೂತಿತೇ, ಬಿಗಿ ಜಾಸ್ತಿಯಾಯಿತೇ ಎಂದು ಬೆರಳುಗಳೇ ಹೇಳುತ್ತವೆ. ರೋಬೋಟ್ ನಡೆಸುವವರಿಗೆ ಆ ಬೆರಳುಗಳಿಲ್ಲ. ಎಲ್ಲವನ್ನೂ ಕಣ್ಣಿನಿಂದಲೇ ತಿಳಿಯಬೇಕು, ಅದೂ ಕ್ಯಾಮೆರಾ ತೋರಿಸಿದಷ್ಟನ್ನೇ. ರೋಬೋಟಿನ ಕೈಯೇ ಅಡ್ಡ ಬಂದರೆ ಅದೂ ಕಾಣುವುದಿಲ್ಲ.

ಬಲದ ಮಿತಿ ಇನ್ನೊಂದು. ಮನುಷ್ಯರ ಪಕ್ಕ ಕೆಲಸ ಮಾಡುವ ರೋಬೋಟ್ ತಾಗಿದರೆ ನೋವಾಗಬಾರದು. ಅದಕ್ಕೆ ಅವುಗಳ ಕೈಗಳನ್ನು ಬೇಕೆಂದೇ ಹಗುರವಾಗಿ, ಮೆತುವಾಗಿ ಮಾಡುತ್ತಾರೆ. ಬ್ಯಾಕ್ಸ್‌ಟರ್‌ನ ಕೀಲುಗಳಲ್ಲಿ ಸ್ಪ್ರಿಂಗ್‌ಗಳಿದ್ದವು. ಹಾಗಾಗಿ ಒಂದು ಕೈ ಎತ್ತಬಲ್ಲದ್ದು ಸುಮಾರು 2.2 ಕಿಲೋ ಮಾತ್ರ. ಯುಮಿಯ ಒಂದು ಕೈಯ ಮಿತಿ ಅರ್ಧ ಕಿಲೋ. ಒಬ್ಬ ವಯಸ್ಕರ ಮಗ್ಗುಲು ಬದಲಿಸುವುದು ಇವುಗಳಿಂದ ಆಗುವ ಮಾತಲ್ಲ. ರೋಗಿಯನ್ನು ಎತ್ತುವುದಕ್ಕೆಂದೇ ಜಪಾನಿನ ರಿಕೆನ್ ಸಂಸ್ಥೆ 2015ರಲ್ಲಿ ರೋಬಿಯರ್ ಎಂಬುದನ್ನು ತೋರಿಸಿತು, ಅದರ ತೂಕವೇ 140 ಕಿಲೋ. ಶಕ್ತಿ ಬೇಕೆಂದರೆ ಯಂತ್ರ ಭಾರವಾಗುತ್ತದೆ. ಭಾರವಾದ ಯಂತ್ರವನ್ನು ದೂರದಿಂದ, ಸ್ಪರ್ಶವಿಲ್ಲದೆ, ಸುಸ್ತಾದ ರೋಗಿಯ ಮೈಮೇಲೆ ನಡೆಸಲು ನಾನಂತೂ ಒಪ್ಪುವುದಿಲ್ಲ.

ಪರಿಸ್ಥಿತಿ ಹೀಗೇ ಇರುತ್ತದೆ ಎಂದಲ್ಲ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ದೂರದಿಂದ ನಡೆಸುವ ರೋಬೋಟ್‌ಗಳ ದೊಡ್ಡ ಸ್ಪರ್ಧೆ, ಎಎನ್‌ಎ ಅವತಾರ್ ಎಕ್ಸ್‌ಪ್ರೈಜ್‌ನ ಅಂತಿಮ ಸುತ್ತು ನಡೆಯಿತು. ಕೊನೆಯ ಸವಾಲು ಏನು ಗೊತ್ತೇ? ಕಣ್ಣಿಗೆ ಕಾಣದ ಜಾಗದಲ್ಲಿಟ್ಟ ಕಲ್ಲುಗಳನ್ನು ರೋಬೋಟಿನ ಕೈಯಿಂದ ಮುಟ್ಟಿ, ಒರಟು ಕಲ್ಲು ಯಾವುದು ಎಂದು ಹುಡುಕಿ ತೆಗೆಯುವುದು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ತಂಡ ಗೆದ್ದು 50 ಲಕ್ಷ ಡಾಲರ್ ಪಡೆಯಿತು. ಟ್ರೀನಾದ ಹೊಸ ರೂಪವನ್ನು ತಂದಿದ್ದ ಇಲಿನಾಯ್ ವಿಶ್ವವಿದ್ಯಾಲಯದ ತಂಡ ನಾಲ್ಕನೆಯದಾಯಿತು. ಅಂದರೆ ಒರಟು, ನುಣುಪು ಗುರುತಿಸುವುದೇ ಜಗತ್ತಿನ ಒಳ್ಳೆಯ ತಂಡಗಳಿಗೆ ಕೊನೆಯ ಪರೀಕ್ಷೆ. ಮುದುಕರ ತೆಳುವಾದ ಚರ್ಮದಲ್ಲಿ ರಕ್ತನಾಳ ಹುಡುಕುವುದು ಅಲ್ಲಿಂದ ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಹಾಗಾದರೆ ಕೈಗಳಿರುವ ರೋಬೋಟ್ ಬೇಡವೇ ಬೇಡವೇ? ರೋಗಿಯನ್ನು ಮುಟ್ಟದ ಕೈಕೆಲಸಗಳಿಗೆ ಇರಲಿ. ಬಿದ್ದ ವಸ್ತು ಎತ್ತುವುದು, ಟೇಬಲ್ ಹತ್ತಿರ ಸರಿಸುವುದು, ಬಾಟಲಿ ಮುಚ್ಚಳ ತೆಗೆದು ಕೈಗೆಟುಕುವ ಹಾಗೆ ಇಡುವುದು, ಮೇಲ್ಮೈ ಒರೆಸುವುದು. ಇಂಥ ಕೆಲಸಗಳಲ್ಲಿ ಎಲ್ಲ ಚಲನೆಯನ್ನೂ ನರ್ಸ್ ಒಬ್ಬರೇ ಮಾಡಿಸಬೇಕಾಗಿಯೂ ಇಲ್ಲ. ಪರದೆಯ ಮೇಲೆ ಲೋಟವನ್ನು ತೋರಿಸಿ "ಇದನ್ನು ತೆಗೆದುಕೋ" ಎಂದರೆ, ಹತ್ತಿರ ಹೋಗಿ ಹಿಡಿಯುವ ಭಾಗವನ್ನು ರೋಬೋಟ್ ತಾನೇ ಮಾಡುತ್ತದೆ. ನಡೆಸುವವರಿಗೆ ಕಡಿಮೆ ಆಯಾಸ. ಬ್ಯಾಕ್ಸ್‌ಟರ್‌ನ ಒಂದೊಂದು ಕೈಗೆ ಏಳು ಕೀಲುಗಳಿದ್ದವು. ಎರಡು ಕೈಗಳನ್ನೂ ಗಂಟೆಗಟ್ಟಲೆ ಸ್ವತಃ ಆಡಿಸಿದರೆ ನರ್ಸ್‌ಗೆ ಭುಜ, ಕಣ್ಣು, ತಲೆ ಎಲ್ಲ ನೋವು. ಕೊಳ್ಳುವಾಗ ಈ ಅರ್ಧ ಸ್ವಯಂಚಾಲನೆ ಎಷ್ಟಿದೆ ಎಂದು ವಿಚಾರಿಸಿ.

ಇನ್ನು ನೆಟ್ ಹೋದರೆ ಏನು ಎಂಬುದು. ಅದಕ್ಕಿಂತ ಮೊದಲು ನೆಟ್ ಯಾಕೆ ಬೇಕು ಎಂದು ಕೇಳಿ. ನಿಮ್ಮ ನರ್ಸ್ ಕೂರುವುದು ಪಕ್ಕದ ಕೋಣೆಯಲ್ಲಿ. ಅಲ್ಲಿಂದ ರೋಬೋಟಿಗೆ ಹೋಗುವ ಆಜ್ಞೆ ಯಾವುದೋ ದೂರದ ಊರಿನ ಸರ್ವರ್ ಸುತ್ತಿ ಬರುವ ಅಗತ್ಯವೇ ಇಲ್ಲ. ಆಸ್ಪತ್ರೆಯ ಒಳಗಿನ ನೆಟ್‌ವರ್ಕ್ ಮೇಲೇ ನಡೆಯಬೇಕು, ಹೊರಗಿನ ಇಂಟರ್ನೆಟ್ ಸಂಪರ್ಕ ಕಿತ್ತುಹಾಕಿದರೂ ನಡೆಯಬೇಕು. ಕಂಪನಿಯವರಿಗೆ ಇದನ್ನು ನಿಮ್ಮ ಎದುರಿಗೇ ಮಾಡಿ ತೋರಿಸಲು ಹೇಳಿ. ಇಂಟರ್ನೆಟ್ ನಿಜವಾಗಿ ಬೇಕಾಗುವುದು ಬೇರೆ ಊರಿನ ತಜ್ಞ ಡಾಕ್ಟರ್ ರೋಗಿಯನ್ನು ನೋಡಬೇಕಾದಾಗ, ಅಥವಾ ಮನೆಯವರು ರೋಗಿಯ ಜತೆ ಮಾತಾಡಬೇಕಾದಾಗ. ಅದಕ್ಕೆ ಪರದೆ, ಧ್ವನಿ ಸಾಕು. ಕೈಗಳ ನಿಯಂತ್ರಣ ಹೊರಗಿನವರಿಗೆ ಹೋಗಬಾರದು.

ನೆಟ್ ಪೂರ್ತಿ ಹೋಗುವುದಕ್ಕಿಂತ ನನಗೆ ಹೆಚ್ಚು ಚಿಂತೆ ಅದು ತಡವಾಗುವುದರ ಬಗ್ಗೆ. ಇಂಟರ್ನೆಟ್ ಸಾಗುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಾವಿರ ಕಿಲೋಮೀಟರ್ ಹೋಗಿಬರಲು ಹತ್ತು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ನೂರನೇ ಒಂದು ಭಾಗ, ಸಾಕು. ಹೆಚ್ಚಿನ ತಡ ಆಗುವುದು ದೂರದಿಂದಲ್ಲ. ಕ್ಯಾಮೆರಾ ಚಿತ್ರ ತೆಗೆಯಬೇಕು, ಅದನ್ನು ಕುಗ್ಗಿಸಬೇಕು, ಜನ ತುಂಬಿದ ವೈಫೈನಲ್ಲಿ ಸರದಿ ಕಾಯಬೇಕು, ಮತ್ತೆ ಬಿಡಿಸಿ ತೋರಿಸಬೇಕು. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕ್‌ನಲ್ಲಿ ಕೂತ ಸರ್ಜನ್ ಜಾಕ್ ಮಾರೆಸ್ಕೊ, ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶವನ್ನು ರೋಬೋಟ್ ಮೂಲಕ ತೆಗೆದರು. ಅಟ್ಲಾಂಟಿಕ್ ಸಾಗರ ದಾಟಿಯೂ ತಡ ಸುಮಾರು 155 ಮಿಲಿಸೆಕೆಂಡ್ ಅಷ್ಟೇ. ಅದಕ್ಕಾಗಿ ಬೇರೆ ಯಾರೂ ಬಳಸದ ಪ್ರತ್ಯೇಕ ಲೈನ್ ಇತ್ತು, ರೋಗಿಯ ಪಕ್ಕ ಡಾಕ್ಟರ್‌ಗಳೂ ಇದ್ದರು. ಸಾಮಾನ್ಯ ವೈಫೈನಲ್ಲಿ ಪಕ್ಕದ ಕೋಣೆಯಿಂದ ನಡೆಸಿದರೂ ಅದಕ್ಕಿಂತ ಜಾಸ್ತಿ ತಡವಾಗಬಹುದು.

ತಡವಾದಾಗ ಜನ ಏನು ಮಾಡುತ್ತಾರೆ ಎಂಬುದು 1960ರ ದಶಕದಿಂದಲೇ ಗೊತ್ತಿದೆ. ಎಂಐಟಿಯ ಥಾಮಸ್ ಶೆರಿಡನ್ ಮತ್ತು ವಿಲಿಯಂ ಫೆರೆಲ್ ಅದನ್ನು ಅಳೆದು ನೋಡಿದರು. ಕೈ ಸ್ವಲ್ಪ ಆಡಿಸುತ್ತಾರೆ, ನಿಲ್ಲಿಸುತ್ತಾರೆ, ಪರದೆಯಲ್ಲಿ ಏನಾಯಿತು ಎಂದು ಕಾಯುತ್ತಾರೆ, ಮತ್ತೆ ಸ್ವಲ್ಪ ಆಡಿಸುತ್ತಾರೆ. ತಡ ಒಂದೇ ಸಮ ಇದ್ದರೆ ಇದಕ್ಕೆ ಒಗ್ಗಿಕೊಳ್ಳಬಹುದು. ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಆಗುತ್ತಿದ್ದರೆ ಒಗ್ಗುವುದೇ ಇಲ್ಲ. ಹಾಗಾಗಿ ಟ್ರಯಲ್ ಮಾಡುವಾಗ ರಜೆಯ ದಿನ ಬೇಡ. ಎಲ್ಲರೂ ಫೋನ್ ಹಿಡಿದಿರುವ, ಮಾನಿಟರ್‌ಗಳೆಲ್ಲ ಓಡುತ್ತಿರುವ ಹೊತ್ತಿನಲ್ಲೇ ಮಾಡಿ.

ಸಂಪರ್ಕ ಪೂರ್ತಿ ಕಡಿದಾಗ "ರೋಬೋಟ್ ತಾನಾಗಿ ನಿಲ್ಲುತ್ತದೆ" ಎಂದು ಕಂಪನಿಯವರು ಹೇಳುತ್ತಾರೆ. ನಿಜ, ನಿಲ್ಲುತ್ತದೆ. ನಡೆಸುವ ಕಡೆಯಿಂದ ಪ್ರತಿ ಕ್ಷಣವೂ "ಇದ್ದೇನೆ" ಎಂಬ ಸಂಕೇತ ಹೋಗುತ್ತಿರುತ್ತದೆ, ಅದು ನಿಂತ ಕೂಡಲೇ ರೋಬೋಟ್ ಚಲನೆ ನಿಲ್ಲಿಸುತ್ತದೆ. ಆದರೆ ನಿಲ್ಲುವುದೇ ಸುರಕ್ಷಿತ ಎಂದು ಹೇಳಲಾಗದು. ಬಾಗಿಲಿನ ನಡುವೆ ನಿಂತರೆ ಯಾರೂ ಓಡಿ ಒಳಗೆ ಹೋಗಲಾಗದು. ರೋಗಿಯ ತೋಳಿನ ಮೇಲೆ ಕೈಯಿಟ್ಟು ನಿಂತರೆ? ಲೋಟವನ್ನು ಬಾಯಿಯ ಹತ್ತಿರ ಹಿಡಿದು ನಿಂತರೆ? ಒಳ್ಳೆಯ ವಿನ್ಯಾಸದಲ್ಲಿ ಹಿಡಿತ ಮೆಲ್ಲಗೆ ಸಡಿಲವಾಗಿ, ಕೈ ಹಾಸಿಗೆಯಿಂದ ಹಿಂದೆ ಸರಿದು, ಆಮೇಲೆ ನಿಲ್ಲುತ್ತದೆ. ಕರೆಂಟಿಲ್ಲದಿದ್ದರೂ ಒಬ್ಬ ನರ್ಸ್ ಅದನ್ನು ಕೈಯಿಂದ ತಳ್ಳಿ ಪಕ್ಕಕ್ಕೆ ಸರಿಸಬಲ್ಲರು. ರೋಗಿಯ ಎದೆಬಡಿತ ನಿಂತಾಗ ಎದೆ ಒತ್ತುವವರು ನೀವೇ, ರೋಬೋಟ್ ನಿಮ್ಮ ದಾರಿಯಲ್ಲಿ ಇರಬಾರದು. ಒಪ್ಪಂದಕ್ಕೆ ಮೊದಲು ಈ ಪರೀಕ್ಷೆ ಮಾಡಲೇಬೇಕು: ರೋಬೋಟ್ ಕೆಲಸದ ನಡುವೆ ಇರುವಾಗ ಹೇಳದೆ ಕೇಳದೆ ಸಂಪರ್ಕ ಕಡಿದು ನೋಡಿ.

ಹ್ಯಾಕ್ ಆಗುವ ಭಯವೂ ಸುಮ್ನೆ ಹುಟ್ಟಿದ್ದಲ್ಲ. 2015ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ರೇವನ್ 2 ಎಂಬ ದೂರನಿಯಂತ್ರಿತ ಸರ್ಜರಿ ರೋಬೋಟಿನ ಆಜ್ಞೆಗಳನ್ನು ನಡುವೆ ಹಿಡಿದು ಬದಲಿಸಬಹುದು ಎಂದು ಪ್ರಯೋಗದಲ್ಲಿ ತೋರಿಸಿದರು. 2022ರಲ್ಲಿ ಸೈನೇರಿಯೊ ಎಂಬ ಭದ್ರತಾ ಸಂಸ್ಥೆ, ಆಸ್ಪತ್ರೆಗಳಲ್ಲಿ ಓಡಾಡುವ ಟಗ್ ಎಂಬ ಸಾಗಣೆ ರೋಬೋಟ್‌ಗಳಲ್ಲಿ ಐದು ಲೋಪಗಳನ್ನು ಕಂಡುಹಿಡಿಯಿತು. ಆಮೇಲೆ ಅವನ್ನು ಸರಿಪಡಿಸಲಾಯಿತು. ರೋಬೋಟನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆದಿಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ. ಕ್ಯಾಮೆರಾ ಆನ್ ಇದ್ದಾಗ ರೋಗಿಗೆ ಕಾಣುವಂತೆ ದೀಪ ಹೊತ್ತಿರಬೇಕು. ಯಾರು ನೋಡುತ್ತಿದ್ದಾರೆ ಎಂದು ಅವರಿಗೆ ಗೊತ್ತಿರಬೇಕು. ಬಟ್ಟೆ ಬದಲಿಸುವಾಗ ಕ್ಯಾಮೆರಾ ಗೋಡೆ ಕಡೆ ತಿರುಗಿರಬೇಕು. ಕಾಯಿಲೆ ಬಂದವರಿಗೂ ಮಾನ ಇರುತ್ತದೆ, ಅಲ್ವಾ?

ಕ್ಲೀನ್ ಮಾಡುವ ಪ್ರಶ್ನೆಯನ್ನು ನೀವೇ ಕೇಳಿದ್ದು ನನಗೆ ತುಂಬ ಸಮಾಧಾನವಾಯಿತು, ಯಾಕೆಂದರೆ ಎಂಜಿನಿಯರ್‌ಗಳು ಇದನ್ನು ಕೊನೆಗೆ ಯೋಚಿಸುತ್ತಾರೆ. ಕೋಣೆಯಿಂದ ಕೋಣೆಗೆ ಹೋಗುವ ರೋಬೋಟ್ ಗಾಲಿಯಲ್ಲಿ, ಬೆರಳ ಸಂದಿಯಲ್ಲಿ ಸೋಂಕು ಹೊತ್ತುಕೊಂಡೇ ಹೋಗುತ್ತದೆ. ಕೀಲುಗಳ ಸಂದು, ಗಾಳಿ ಹೋಗುವ ಕಿಂಡಿ, ಬಟ್ಟೆಯ ಹೊದಿಕೆ, ಮೆತ್ತನೆಯ ರಬ್ಬರ್ ಬೆರಳು ಇವೆಲ್ಲ ಒರೆಸಲು ಕಷ್ಟದ ಜಾಗಗಳು. ಎಬೋಲಾ ಕೇಂದ್ರಗಳಲ್ಲಿ ಮೇಲ್ಮೈಗಳಿಗೆ ಶೇಕಡಾ 0.5ರ ಕ್ಲೋರಿನ್ ದ್ರಾವಣ ಬಳಸುತ್ತಾರೆ. ದಿನಕ್ಕೆ ಹಲವು ಸಲ ಅದನ್ನು ಹಚ್ಚಿದರೆ ಲೋಹ ತುಕ್ಕು ಹಿಡಿಯುತ್ತದೆ, ಕನೆಕ್ಟರ್‌ಗಳು ಹಾಳಾಗುತ್ತವೆ. ಆಲ್ಕೋಹಾಲ್ ಸಾಕು ಎಂದು ಕಂಪನಿಯವರು ಹೇಳಿದರೆ ಒಪ್ಪಬೇಡಿ. ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನಂಥ ಬ್ಯಾಕ್ಟೀರಿಯಾದ ಗಟ್ಟಿ ಕವಚದೊಳಗಿನ ಸುಪ್ತ ರೂಪಗಳಾದ ಸ್ಪೋರ್‌ಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ನೇರಳಾತೀತ ಬೆಳಕಿನ ರೋಬೋಟ್‌ಗಳೂ ಇವೆ. ಡೆನ್ಮಾರ್ಕಿನ ಓಡೆನ್ಸ ಊರಿನಲ್ಲಿ ತಯಾರಾದವು ಕೋವಿಡ್ ಶುರುವಿನಲ್ಲೇ ಚೀನಾದ ಆಸ್ಪತ್ರೆಗಳಿಗೆ ಹೋದವು. ಕೋಣೆ ಖಾಲಿ ಇದ್ದಾಗ ಮಾತ್ರ ಅವು ಕೆಲಸ ಮಾಡಬೇಕು, ಬೆಳಕು ನೇರವಾಗಿ ಬೀಳದ ನೆರಳಿನ ಜಾಗ ಹಾಗೇ ಉಳಿಯುತ್ತದೆ. ಕೈಯಿಂದ ಒರೆಸುವುದನ್ನು ಅವು ತಪ್ಪಿಸುವುದಿಲ್ಲ.

ನನ್ನ ಸಲಹೆ ಹೀಗೆ. ಒಂದು ರೋಬೋಟ್ ಒಂದೇ ಕೋಣೆಯ ಒಳಗೇ ಇರಲಿ, ಚಾರ್ಜಿಂಗ್ ಕೂಡ ಅಲ್ಲೇ ಆಗಲಿ. ಬೇರೆ ಕೋಣೆಗೆ ಹೋಗಬೇಕಾದರೆ ಒಂದೇ ಕಾಯಿಲೆಯ ರೋಗಿಗಳ ನಡುವೆ ಮಾತ್ರ ಹೋಗಲಿ. ಗಾಳಿಯಲ್ಲಿ ಹರಡುವ ಕಾಯಿಲೆಯವರನ್ನು ಇಡುವ ಕೋಣೆಯಲ್ಲಿ ಒಳಗಿನ ಗಾಳಿ ಹೊರಬರದಿರಲಿ ಎಂದು ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರುತ್ತದೆ. ರೋಬೋಟ್ ನಿಧಾನವಾಗಿ ದಾಟುವಷ್ಟು ಹೊತ್ತೂ ಬಾಗಿಲು ತೆರೆದೇ ಇದ್ದರೆ ಆ ವ್ಯವಸ್ಥೆ ಕೆಡುತ್ತದೆ. ರಿಪೇರಿಗೆ ಬರುವ ಟೆಕ್ನಿಷಿಯನ್‌ಗೆ ಪಿಪಿಇ ಹಾಕಿ ಬಿಚ್ಚುವ ತರಬೇತಿ ಇದೆಯೇ ಎಂದೂ ವಿಚಾರಿಸಿ. ಇಲ್ಲದಿದ್ದರೆ ಕೆಟ್ಟುಹೋದ ರೋಬೋಟನ್ನು ಹೊರಗೆ ತರುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಒರೆಸಲು ಹಿಡಿಯುವ ಸಮಯವನ್ನೂ ಆ ಬಾಗಿಲಿನ ಲೆಕ್ಕಕ್ಕೆ ಸೇರಿಸಿ. ಹತ್ತು ಸಲ ಒಳಗೆ ಹೋಗುವುದು ತಪ್ಪಿಸಿ, ಐದು ಸಲ ತನ್ನನ್ನು ಒರೆಸಲೆಂದೇ ಒಳಗೆ ಕರೆಸಿಕೊಂಡರೆ ಉಳಿದದ್ದು ಐದೇ.

ಕೆಲಸ ಹೋಗುವ ಭಯದ ಬಗ್ಗೆ. ಮೇಲೆ ಹೇಳಿದ ಯಾವ ರೋಬೋಟೂ ನರ್ಸ್ ಇಲ್ಲದೆ ನಡೆಯುವುದಿಲ್ಲ. ರೋಗಿಯ ಮುಖದ ಬಣ್ಣ ಬದಲಾದದ್ದನ್ನು ಪರದೆಯಲ್ಲಿ ನೋಡಿ ಅರ್ಥ ಮಾಡಿಕೊಳ್ಳಬೇಕಾದವರು ನರ್ಸೇ. ಒಬ್ಬರು ರೋಬೋಟ್ ನಡೆಸುವಾಗ ಅವರ ಗಮನ ಪೂರ್ತಿ ಅಲ್ಲೇ ಇರುತ್ತದೆ, ಬೇರೆ ಹಾಸಿಗೆಗಳನ್ನು ನೋಡಿಕೊಳ್ಳಲಾಗದು. ಅಂದರೆ ಮೊದಮೊದಲು ನಿಮಗೆ ಜನ ಜಾಸ್ತಿಯೇ ಬೇಕಾಗಬಹುದು. ಆದರೂ ಅವರ ಭಯವನ್ನು ಸುಳ್ಳು ಎಂದು ತಳ್ಳಿಹಾಕಬೇಡಿ. ರೋಬೋಟ್ ಬಂತಲ್ಲ, ಇಬ್ಬರ ಬದಲು ಒಬ್ಬರೇ ಸಾಕು ಎಂದು ಆಡಳಿತದವರು ಡ್ಯೂಟಿ ಪಟ್ಟಿ ಬದಲಿಸಿದರೆ ಆ ಭಯ ನಿಜವೇ ಆಗುತ್ತದೆ. ಆಗ ರೋಬೋಟ್ ನಿಂತ ರಾತ್ರಿ ಒಬ್ಬರೇ ಎಲ್ಲ ಕೋಣೆಗಳಿಗೂ ಓಡಬೇಕಾಗುತ್ತದೆ. ರೋಬೋಟ್ ಬಂದರೂ ಒಂದು ಶಿಫ್ಟಿಗೆ ಇರುವ ನರ್ಸ್‌ಗಳ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂದು ಬರವಣಿಗೆಯಲ್ಲಿ ಪಡೆಯಿರಿ, ಕೊಳ್ಳುವ ಮೊದಲೇ.

ಆ ಕಿರಿಯ ನರ್ಸ್‌ಗಳಲ್ಲಿ ಇಬ್ಬರನ್ನು ಖರೀದಿ ಸಮಿತಿಯಲ್ಲಿ ಕೂರಿಸಿ. ಬಾಗಿಲಿನ ಹಾಳೆಗಳನ್ನು ಲೆಕ್ಕ ಹಾಕುವ ಕೆಲಸವನ್ನು ಅವರಿಗೇ ಕೊಡಿ. ಟ್ರಯಲ್‌ನಲ್ಲಿ ರೋಬೋಟನ್ನು ಕಂಪನಿಯ ಮಾರಾಟದವರು ನಡೆಸಿದರೆ ಅದನ್ನು ಪರಿಗಣಿಸಬೇಡಿ. ಅರ್ಧ ದಿನ ಕಲಿತ ನಿಮ್ಮ ನರ್ಸ್, ರಾತ್ರಿ ಪಾಳಿಯ ಕೊನೆಯಲ್ಲಿ, ವೇಗ ಹೆಚ್ಚಿಸದೆ ನಡೆಸಿದ್ದನ್ನು ಮಾತ್ರ ಪರಿಗಣಿಸಿ. ಅವರು ಇದು ನಮಗೆ ಆಗುವುದಿಲ್ಲ ಅಂದರೆ ಯಂತ್ರ ವಾಪಸ್ ಹೋಗಬೇಕು ಎಂಬ ಷರತ್ತು ಒಪ್ಪಂದದಲ್ಲೇ ಇರಲಿ.